ಎತ್ತರಿಸಿದ ಸೆಕೆಂಡ್ ಹ್ಯಾಂಡ್ ಪಿಕಪ್‌ಗೆ ಶಾಕ್ ಆರಿಸಿದ್ದು: ಹೊಸದುರ್ಗ ಕಡೆಯ ಒಂದು ಪ್ರಕರಣ

ಚಿತ್ರದುರ್ಗ ಜಿಲ್ಲೆಯ ಹೊಸದುರ್ಗ ತಾಲ್ಲೂಕಿನ ದಾಳಿಂಬೆ ಬೆಳೆಗಾರರೊಬ್ಬರ ಪಿಕಪ್ ಇದು. ಇದಕ್ಕೆ ಹೊಂದುವ ಶಾಕ್, ಅಂದರೆ ಗಾಡಿಯ ಕುಣಿತ ತಡೆಯುವ ಶಾಕ್ ಅಬ್ಸಾರ್ಬರ್, ಆರಿಸಿದ ಕಥೆ. ಗಾಡಿಯ ಕಂಪನಿ, ಮಾಲೀಕರ ಊರು, ಕೆಲಸ ನಡೆದ ಗ್ಯಾರೇಜು ಯಾವುದರ ಹೆಸರೂ ಇಲ್ಲಿಲ್ಲ. ಕೆಳಗಿನ ಅಳತೆಗಳೆಲ್ಲ ಈ ಒಂದು ಗಾಡಿಯವು. ಅದೇ ಅಂಕಿಗಳನ್ನು ಇನ್ನೊಂದು ಗಾಡಿಗೆ ಹೊಂದಿಸಲು ಹೋಗಬೇಡಿ, ಅಳೆಯುವ ಕ್ರಮವನ್ನು ಮಾತ್ರ ತೆಗೆದುಕೊಳ್ಳಿ.

ಗಾಡಿ ಬಂದಾಗ ಹೇಗಿತ್ತು

ಮುಂದೆ ಚಕ್ರ ಹಿಡಿಯುವ ಮೇಲೊಂದು ಕೆಳಗೊಂದು ಆರ್ಮ್, ತಿರುಚಿಕೊಂಡು ಸ್ಪ್ರಿಂಗಿನಂತೆ ಭಾರ ಹೊರುವ ಸರಳು, ಅಂದರೆ ಟಾರ್ಶನ್ ಬಾರ್. ಹಿಂದೆ ಎರಡೂ ಚಕ್ರ ಕೂಡಿಸುವ ಗಟ್ಟಿ ಹೌಸಿಂಗ್ (ಆಕ್ಸಲ್), ಭಾರ ಹೊರುವ ಕಮಾನ್ ಪಟ್ಟಿ (ಲೀಫ್ ಸ್ಪ್ರಿಂಗ್). ನಮ್ಮ ಕಡೆ ಓಡುವ ಅನೇಕ ಪಿಕಪ್‌ಗಳ ರಚನೆ ಇದೇ. ಆರ್‌ಸಿಯಲ್ಲಿ ಹೊರಬಹುದಾದ ತೂಕ 1,250 ಕೆ.ಜಿ. ಮೊದಲ ಮಾಲೀಕ ಇದರಲ್ಲಿ ಜಲ್ಲಿ, ಎಂ-ಸ್ಯಾಂಡ್ ಹೊಡೆಯುತ್ತಿದ್ದ. ಅದಕ್ಕಾಗಿ ಹಿಂದಿನ ಕಮಾನಿಗೆ ಎರಡೆರಡು ಪ್ಲೇಟು ಸೇರಿಸಿ, ಕಮಾನಿನ ಒಂದು ತುದಿಯನ್ನು ಗಾಡಿಯ ಚೌಕಟ್ಟಿಗೆ (ಚಾಸಿ) ಸೇರಿಸುವ ಕೊಂಡಿ, ಅಂದರೆ ಶಾಕಲ್ ಬದಲಿಸಿ ಕಂಪನಿಯದಕ್ಕಿಂತ 50 ಮಿ.ಮೀ. ಉದ್ದದ್ದು ಹಾಕಿಸಿದ್ದ. ಹಿಂಬದಿ ಎದ್ದು ಮುಂಬದಿ ತಗ್ಗಾಗಿ ಕಂಡಿದ್ದರಿಂದ ಟಾರ್ಶನ್ ಬಾರ್ ಬೋಲ್ಟನ್ನೂ ಬಿಗಿದು ಮುಂಭಾಗ ಎತ್ತಿಸಿದ್ದ.

ಎರಡನೇ ಮಾಲೀಕರ ಹೊರೆಯೇ ಬೇರೆ. ದಾಳಿಂಬೆ ಕೊಯ್ಲಿನ ದಿನ 20 ಕೆ.ಜಿ.ಯ 30ರಿಂದ 40 ಕ್ರೇಟು, ಅಂದರೆ 600ರಿಂದ 800 ಕೆ.ಜಿ. ಈರುಳ್ಳಿ ಹಂಗಾಮಿನಲ್ಲಿ ಮಾತ್ರ 50 ಕೆ.ಜಿ.ಯ 24 ಚೀಲ, 1,200 ಕೆ.ಜಿ. ತೋಟದಿಂದ ಡಾಂಬರು ಸಿಗುವವರೆಗೆ ಗುಂಡಿ ಬಿದ್ದ ಮಣ್ಣು ರಸ್ತೆ, ಆಮೇಲೆ ರಾಷ್ಟ್ರೀಯ ಹೆದ್ದಾರಿ 48 ಹಿಡಿದು ಬೆಂಗಳೂರು. ವಾಪಸು ಬರುವಾಗ ಬಹುಪಾಲು ಖಾಲಿ.

ಅವರ ದೂರು ಮೂರು. ಖಾಲಿ ಗಾಡಿ ಹಂಪ್ಸ್ ದಾಟಿದರೆ ಹಿಂದೆ ಕುಣಿಯುತ್ತದೆ, ಒಮ್ಮೆ ಕುಣಿದರೆ ನಿಲ್ಲುವುದಿಲ್ಲ. ಮುಂದಿನ ಚಕ್ರ ಗುಂಡಿಗೆ ಇಳಿದಾಗ ‘ಠಣ್’ ಎಂಬ ಕಬ್ಬಿಣದ ಸದ್ದು ಬರುತ್ತದೆ. ಹಿಂಬಾಗಿಲ ಪಕ್ಕದ ಮೇಲಿನ ಸಾಲಿನ ಕ್ರೇಟುಗಳಲ್ಲಿ ಹಣ್ಣಿನ ಸಿಪ್ಪೆ ಉಜ್ಜಿ ಕಂದುಗಟ್ಟುತ್ತದೆ, ಮಂಡಿಯಲ್ಲಿ ಆ ಕ್ರೇಟುಗಳಿಗೆ ದರ ಇಳಿಯುತ್ತದೆ. ಗಾಡಿ ಅತಿ ಹೆಚ್ಚು ಕುಲುಕುವುದು ಹಿಂದಿನ ಮೇಲಿನ ಮೂಲೆಯಲ್ಲೇ, ಹಾಗಾಗಿ ಪೆಟ್ಟು ಮೊದಲು ಕಂಡಿದ್ದೂ ಅಲ್ಲೇ. ಅವರನ್ನು ಗ್ಯಾರೇಜಿಗೆ ತಂದಿದ್ದು ನಿಜವಾಗಿ ಈ ಮೂರನೇ ದೂರು.

ಮೊದಲ ಎರಡು ಪ್ರಯತ್ನ

“ಶಾಕಪ್ಸರ್ ಹೋಗೈತೆ” ಅಂದವರ ಮಾತು ಸುಳ್ಳಾಗಿರಲಿಲ್ಲ. ಹಿಂದಿನ ಎರಡೂ ಶಾಕ್‌ನಿಂದ ಎಣ್ಣೆ ಇಳಿದು ಧೂಳು ಮೆತ್ತಿಕೊಂಡಿತ್ತು. ರಾಡ್ ಸುತ್ತ ಎಣ್ಣೆಯ ತೆಳು ಪಸೆ ಕಂಡರೆ ಗಾಬರಿ ಬೇಡ, ಸೀಲ್ ನೆನೆಯಲು ಅಷ್ಟು ಬೇಕು. ಬಾಡಿಯ ಮೇಲೆ ಹರಿದು, ಬೋಲ್ಟ್ ಕೂರುವ ಕೆಳಗಿನ ಕಣ್ಣಿನವರೆಗೆ ಇಳಿದಿದ್ದರೆ ಆ ಶಾಕ್ ಮುಗಿಯಿತು. ಇವು ಹಾಗೆ ಮುಗಿದವು.

ಮೊದಲ ಸಲ ಗಾಡಿಯ ಮಾದರಿ ಹೇಳಿ, ಡಬ್ಬಿಯ ಮೇಲೆ ಅದೇ ಹೆಸರಿದ್ದ ಜೋಡಿ ತಂದು ಹಾಕಲಾಯಿತು. ಒಂದು ಕೊಯ್ಲು ಕೂಡ ಪೂರ್ತಿ ತಾಳಲಿಲ್ಲ. ಬಲಗಡೆಯದರ ಸೀಲ್ ಹೋಯಿತು. ಎಡಗಡೆಯದರ ಕೆಳಗಿನ ಕಣ್ಣು ಬೆಸುಗೆಯ ಬುಡದಲ್ಲೇ ಕಿತ್ತು ಬಂತು. ಎರಡನೇ ಸಲ ಗಾಡಿ ಎತ್ತರವಾಗಿದೆ ಎಂಬುದು ಲೆಕ್ಕಕ್ಕೆ ಬಂತು, ಆದರೆ ಅರ್ಧ ಮಾತ್ರ. ‘ಎತ್ತರದ ಗಾಡಿಗೆ ಉದ್ದನೆ ಶಾಕ್’ ಎಂದು ಬೇರೊಂದು ದೊಡ್ಡ ಗಾಡಿಯ ಜೋಡಿ ತಂದು ಹಾಕಿದರು. ಖಾಲಿ ಓಡಿದಾಗ ಎಲ್ಲ ಚೆನ್ನಾಗಿತ್ತು. ಈರುಳ್ಳಿ ತುಂಬಿದ ಮೊದಲ ವಾರದಲ್ಲೇ ಒಂದರ ರಾಡ್ ಬಾಗಿತು.

ಎರಡು ಜೋಡಿ ಹೊಸ ಶಾಕ್ ಹೀಗೆ ಹಾಳಾದ ಮೇಲೆ ಮೂರನೆಯದನ್ನು ತರುವ ಮುಂಚೆ ಟೇಪ್ ಹಿಡಿಯುವುದೆಂದು ತೀರ್ಮಾನವಾಯಿತು. ಪ್ರಕರಣ ತಿರುಗಿದ್ದು ಇಲ್ಲಿ.

ಅಳೆದಾಗ ಕಂಡಿದ್ದು

ಶಾಕ್‌ಗೆ ಸಂಬಂಧಿಸಿ ನಾಲ್ಕು ಉದ್ದ ಬೇಕು: ಗಾಡಿ ಖಾಲಿ ನಿಂತಾಗ, ಹೊರೆ ಹೊತ್ತು ನಿಂತಾಗ, ಹೌಸಿಂಗ್ ಪೂರ್ತಿ ಮೇಲೆ ಬಂದು ಚಾಸಿಯ ತಡೆ ರಬ್ಬರ್, ಅಂದರೆ ಬಂಪ್ ರಬ್ಬರ್ ಒತ್ತಿದಾಗ, ಹೌಸಿಂಗ್ ಪೂರ್ತಿ ಕೆಳಗೆ ಜೋತಾಗ. ನಾಲ್ಕನ್ನೂ ಮೇಲಿನ ಬೋಲ್ಟಿನ ನಡುವಿನಿಂದ ಕೆಳಗಿನ ಬೋಲ್ಟಿನ ನಡುವಿಗೆ, ಶಾಕ್ ಮಲಗಿದ ಓರೆಯಲ್ಲೇ ಅಳೆಯಬೇಕು. ಕೊನೆಯ ಅಳತೆಗೆ ಶಾಕ್ ಬಿಚ್ಚಿರಲೇಬೇಕು. ಬಿಚ್ಚದೆ ಗಾಡಿ ಎತ್ತಿದರೆ ಹೌಸಿಂಗ್ ಶಾಕ್ ಬಿಟ್ಟಷ್ಟೇ ಇಳಿಯುತ್ತದೆ, ಆಗ ಸಿಗುವ ಅಳತೆ ಹಳೆ ಶಾಕ್‌ನದು, ಗಾಡಿಯದಲ್ಲ.

ಗಾಡಿಯ ಚಾಸಿಗೆ ಎರಡೂ ಕಡೆ ಗಟ್ಟಿ ಸ್ಟ್ಯಾಂಡ್ ಕೊಟ್ಟು, ಹೌಸಿಂಗಿನ ಕೆಳಗೆ ಜಾಕ್ ಇಟ್ಟು ನಿಧಾನವಾಗಿ ಇಳಿಸಲಾಯಿತು. ಇಳಿಸುವಾಗ ಒಬ್ಬರು ಬ್ರೇಕ್ ಹೋಸ್ ಮತ್ತು ಹ್ಯಾಂಡ್ ಬ್ರೇಕ್ ಕೇಬಲ್ ಮೇಲೆ ಕಣ್ಣಿಟ್ಟಿರಬೇಕು. ಎತ್ತರಿಸಿದ ಗಾಡಿಯಲ್ಲಿ ಶಾಕ್ ಇಲ್ಲದಿದ್ದರೆ ಮುಂದಿನ ತಡೆ ಬ್ರೇಕ್ ಹೋಸೇ ಆಗಿಬಿಡಬಹುದು. ಈ ಗಾಡಿಯಲ್ಲಿ ಹೋಸ್‌ಗೆ ಬೆರಳಗಲದ ಸಡಿಲವಷ್ಟೇ ಉಳಿದಿತ್ತು.

ಖಾಲಿ ನಿಂತಾಗ 510 ಮಿ.ಮೀ. ಪೂರ್ತಿ ಜೋತಾಗ 585. ಬಂಪ್ ರಬ್ಬರಿಗೂ ಹೌಸಿಂಗಿಗೂ ನಡುವೆ 130 ಮಿ.ಮೀ. ಜಾಗ. ಕಮಾನು ಇಷ್ಟು ಗಟ್ಟಿಯಿದ್ದರೆ ಖಾಲಿ ಗಾಡಿಯಲ್ಲಿ ಹೌಸಿಂಗನ್ನು ಜಾಕ್‌ನಿಂದ ರಬ್ಬರಿನವರೆಗೆ ಎತ್ತಲಾಗದು, ಗಾಡಿಯೇ ಸ್ಟ್ಯಾಂಡ್ ಬಿಟ್ಟು ಮೇಲೇಳುತ್ತದೆ. ಆದ್ದರಿಂದ ಆ ಅಳತೆಯನ್ನು ಲೆಕ್ಕ ಹಾಕಿ ಕಂಡುಕೊಳ್ಳಬೇಕಾಯಿತು. ರಬ್ಬರ್ ಇನ್ನೂ 20 ಮಿ.ಮೀ. ಅದುಮಿಕೊಳ್ಳುತ್ತದೆ ಎಂದು ಹಿಡಿದರೆ ಹೌಸಿಂಗ್ ಮೇಲೆ ಬರುವುದು ಒಟ್ಟು 150. ಬಲಗಡೆ ಶಾಕ್ ನೆಟ್ಟಗಿನಿಂದ 20 ಡಿಗ್ರಿ ಓರೆ ಇದೆ. 20 ಡಿಗ್ರಿಯ ಕೊಸೈನ್ 0.94, ಹಾಗಾಗಿ ಶಾಕ್ ಒಳಗೆ ಹೋಗುವುದು 141. 510ರಿಂದ ಕಳೆದರೆ 369. ಅದಕ್ಕಿಂತ ಕುಗ್ಗಲಾರದ ಶಾಕ್ ಈ ಗಾಡಿಗೆ ಆಗದು.

ಈಗ ಹಾಳಾದ ಜೋಡಿಗಳನ್ನು ಪಕ್ಕದಲ್ಲಿಟ್ಟು ನೋಡಿ. ಕಂಪನಿ ಅಳತೆಯ ಶಾಕ್ ಪೂರ್ತಿ ಎಳೆದರೆ 545, ಪೂರ್ತಿ ಒತ್ತಿದರೆ 345. ಖಾಲಿ ಗಾಡಿಯಲ್ಲೇ ಅದು 510ಕ್ಕೆ ಎಳೆದು ಕೂತಿತ್ತು, ಕೆಳಮುಖವಾಗಿ ಉಳಿದಿದ್ದು 35 ಮಿ.ಮೀ. ಮಾತ್ರ. ಕಮಾನು ಇನ್ನೂ 40 ಮಿ.ಮೀ. ಇಳಿಯಬೇಕೆನ್ನುವಾಗ ಶಾಕ್ ತಡೆಯುತ್ತಿತ್ತು, ಗೂಟದ ಕರು ಓಡಿ ಹೋಗಿ ಹಗ್ಗ ಜಗ್ಗಿದ ಹಾಗೆ. ಹಂಪ್ಸ್ ದಾಟಿ ಚಕ್ರ ಕೆಳಗೆ ಬಿದ್ದಾಗಲೆಲ್ಲ ಚಕ್ರ, ಹೌಸಿಂಗುಗಳ ಭಾರ ಎರಡು ಕಣ್ಣಿನ ಬೆಸುಗೆಗೆ ಬೀಳುತ್ತಿತ್ತು. ಕಣ್ಣು ಕಿತ್ತು ಬಂದಿದ್ದು ಮಾಲು ಕಳಪೆಯಿದ್ದುದರಿಂದಲ್ಲ.

ಎರಡನೇ ಜೋಡಿ ಎಳೆದರೆ 620, ಒತ್ತಿದರೆ 400. ಹೌಸಿಂಗ್ ಬಂಪ್ ರಬ್ಬರನ್ನು ಮುಟ್ಟುವುದೇ ಶಾಕ್ ಉದ್ದ 388 ಆದಾಗ. ಅಂದರೆ ರಬ್ಬರ್ ಕೆಲಸಕ್ಕೆ ಬರುವ 12 ಮಿ.ಮೀ. ಮೊದಲೇ ಶಾಕ್ ಒಳಗೆ ಕಬ್ಬಿಣಕ್ಕೆ ಕಬ್ಬಿಣ ಕುಟ್ಟುತ್ತಿತ್ತು. ಇದಕ್ಕೆ ಸಾಕ್ಷಿ ಗಾಡಿಯ ಕೆಳಗೇ ಇತ್ತು. ಬಂಪ್ ರಬ್ಬರಿನ ತುದಿಯಲ್ಲಿ ಕೆಂಪು ಧೂಳಿನ ಪದರ ಒಂದಿಷ್ಟೂ ಅಳಿಸಿರಲಿಲ್ಲ, ಹೌಸಿಂಗಿನ ತಟ್ಟೆ ಅದನ್ನು ಮುಟ್ಟಿದ ಗುರುತಿಲ್ಲ. ಪಕ್ಕದಲ್ಲೇ ಶಾಕ್‌ನ ರಾಡ್ ಬಾಗಿ ನಿಂತಿತ್ತು. ತುಂಬು ಹೊರೆ ಹೊಡೆದ ಗಾಡಿಯಲ್ಲಿ ರಬ್ಬರ್ ಅಷ್ಟು ಸ್ವಚ್ಛವಾಗಿದ್ದರೆ ಮೊದಲು ಶಾಕ್‌ನ ಒತ್ತಿದ ಉದ್ದವನ್ನೇ ಅನುಮಾನಿಸಬೇಕು.

ಎಡಗಡೆಯಲ್ಲಿ ಇನ್ನೊಂದು ವಿಷಯ ಸಿಕ್ಕಿತು. ಕೆಳಗಿನ ಬ್ರಾಕೆಟ್ ಹಿಂದೊಮ್ಮೆ ಮುರಿದು, ಯಾರೋ ಅದನ್ನು ಒಳಕ್ಕೆ ಸರಿಸಿ ಬೆಸುಗೆ ಹಾಕಿದ್ದರು. ಬಲ ಶಾಕ್ 20 ಡಿಗ್ರಿ ಓರೆ, ಎಡದ್ದು 35. ಓರೆ ಹೆಚ್ಚಾದಂತೆ ಚಕ್ರಕ್ಕೆ ಸಿಗುವ ಹಿಡಿತ, ಅಂದರೆ ಕುಣಿತ ತಡೆಯುವ ಬಲ, ಕೊಸೈನಿನ ವರ್ಗದಂತೆ ಇಳಿಯುತ್ತದೆ. 20 ಡಿಗ್ರಿಯಲ್ಲಿ 0.88, 35ರಲ್ಲಿ 0.67. ಒಂದೇ ಡಬ್ಬಿಯಿಂದ ತೆಗೆದ ಜೋಡಿ ಹಾಕಿದರೂ ಎಡಚಕ್ರಕ್ಕೆ ಕಾಲು ಭಾಗ ಕಡಿಮೆ ಹಿಡಿತ. ಗಾಡಿ ಕುಣಿಯುವಾಗ ಸೊಟ್ಟಗೆ ಕುಣಿಯುತ್ತದೆ ಎಂದು ಮಾಲೀಕರು ಮೊದಲೇ ಹೇಳಿದ್ದರು. ಕಾರಣ ಈ ಬ್ರಾಕೆಟ್.

ಇಲ್ಲೊಂದು ಎಚ್ಚರ. ಅನೇಕ ಪಿಕಪ್‌ಗಳಲ್ಲಿ ಒಂದು ಶಾಕ್ ಹೌಸಿಂಗಿನ ಮುಂದೆ, ಇನ್ನೊಂದು ಹಿಂದೆ ಇರುತ್ತದೆ. ಅದು ಕಂಪನಿಯ ಲೆಕ್ಕವೇ. ಗೇರ್ ಹಾಕಿ ಎಳೆಯುವಾಗ, ಬ್ರೇಕ್ ಒತ್ತಿದಾಗ ಹೌಸಿಂಗ್ ತಿರುಚದಂತೆ ಹಿಡಿಯಲು ಹಾಗೆ ಕೊಟ್ಟಿರುತ್ತಾರೆ. ಅದನ್ನು ‘ಸರಿಮಾಡಲು’ ಹೋಗಬಾರದು.

ಅಂಗಡಿಯಲ್ಲಿ ಸಿಗದ ಶಾಕ್

ಅಳತೆ ಕೈಗೆ ಬಂದ ಮೇಲೆ ಹುಡುಕಾಟ ಸುಲಭವಾಗಬೇಕಿತ್ತು. 585ರವರೆಗೆ ಜೋಲುವ ಹೌಸಿಂಗಿಗೆ 10–15 ಮಿ.ಮೀ. ಬಿಡುವು ಸೇರಿಸಿ ಎಳೆದಾಗ 600 ಇರಬೇಕು. 369ಕ್ಕೆ 15–20 ಬಿಡುವು ಕಳೆದು ಒತ್ತಿದಾಗ 350 ಮೀರಬಾರದು. ಎರಡರ ನಡುವಿನ ಓಟ, ಅಂದರೆ ಸ್ಟ್ರೋಕ್, 250.

ಆದರೆ ಹಾಗೊಂದು ಶಾಕ್ ಇರಲಾರದು. ಎರಡೂ ತುದಿಯಲ್ಲಿ ಕಣ್ಣಿರುವ, ಒಂದರೊಳಗೊಂದು ಕೊಳವೆಯ ಟ್ವಿನ್ ಟ್ಯೂಬ್ ಶಾಕ್‌ನಲ್ಲಿ ಸ್ಟ್ರೋಕ್ ಬಿಟ್ಟು ಉಳಿಯುವ ಭಾಗ, ಅಂದರೆ ಕಣ್ಣುಗಳು, ಪಿಸ್ಟನ್, ರಾಡ್ ಗೈಡ್, ತಳದ ವಾಲ್ವು, ಎಲ್ಲ ಸೇರಿ ಸಾಮಾನ್ಯವಾಗಿ 115ರಿಂದ 145 ಮಿ.ಮೀ. ತಿನ್ನುತ್ತದೆ. 250 ಸ್ಟ್ರೋಕ್ ಬೇಕೆಂದರೆ ಒತ್ತಿದ ಉದ್ದ 365ಕ್ಕಿಂತ ಕೆಳಗೆ ಬರುವುದೇ ಇಲ್ಲ. ನಮಗೆ ಬೇಕಿದ್ದಿದ್ದು 350.

ಈ ಹಂತದಲ್ಲಿ ಮೂರು ದಾರಿ ಇತ್ತು. ಒಂದು, ಹೌಸಿಂಗ್ ಜೋಲದಂತೆ ಬೆಲ್ಟಿನ ಪಟ್ಟಿ ಕಟ್ಟಿ ಕೆಳಗಿನ ಚಲನೆ ತಡೆಯುವುದು. ಎರಡು, ಬಂಪ್ ರಬ್ಬರಿನ ಕೆಳಗೆ ದಪ್ಪ ತುಂಡು ಕೊಟ್ಟು ಮೇಲಿನ ಚಲನೆ ತಡೆಯುವುದು. ಮೂರು, ಎತ್ತರವನ್ನೇ ಇಳಿಸುವುದು. ಮೊದಲನೆಯದು ರ‍್ಯಾಲಿ ಗಾಡಿಗೆ ಹೊಂದುತ್ತದೆ. ದಿನವೂ ಕೆಸರು, ಧೂಳಿನಲ್ಲಿ ಓಡಾಡಿ ಯಾರೂ ಬಗ್ಗಿ ನೋಡದ ಸರಕು ಗಾಡಿಯಲ್ಲಿ ಆ ಪಟ್ಟಿ ಹರಿದಿದ್ದು ಗೊತ್ತಾಗುವುದು ಶಾಕ್ ಹರಿದ ಮೇಲೆಯೇ. ಎರಡನೆಯದರಿಂದ ಹೊರೆ ತುಂಬಿದಾಗ ಕಮಾನಿಗೆ ಉಳಿಯುವ ಜಾಗ ಕುಗ್ಗುತ್ತದೆ, ಹಣ್ಣಿಗೆ ಪೆಟ್ಟು ಹೆಚ್ಚುತ್ತದೆ. ಉಳಿದಿದ್ದು ಮೂರನೆಯದು.

ಮಾಲೀಕರು ಸುಲಭಕ್ಕೆ ಒಪ್ಪಲಿಲ್ಲ. ಎತ್ತರವಿದ್ದರೆ ತೋಟದ ದಾರಿಯಲ್ಲಿ ಅನುಕೂಲ, ಪ್ಲೇಟು ಹೆಚ್ಚಿದ್ದರೆ ಗಾಡಿ ಗಟ್ಟಿ ಎಂಬ ನಂಬಿಕೆ. ಅದಕ್ಕೆ ಉತ್ತರ ಅವರದೇ ಕೊಯ್ಲಿನ ಲೆಕ್ಕದಲ್ಲಿತ್ತು: ಬಹುಪಾಲು ಓಟ 800 ಕೆ.ಜಿ. ಒಳಗೆ ಅಥವಾ ಖಾಲಿ. ಕಮಾನು ಮಾತ್ರ ಜಲ್ಲಿಗೆ ಕಟ್ಟಿದ್ದು. ಅರ್ಧ ಹೊರೆಗೆ ಅಷ್ಟು ಗಟ್ಟಿ ಕಮಾನು ಬಗ್ಗುವುದೇ ಇಲ್ಲ, ರಸ್ತೆಯ ಪೆಟ್ಟು ನೇರ ಕ್ರೇಟಿಗೆ ಹೋಗುತ್ತದೆ. ಕಮಾನು ಬಗ್ಗಿದರೆ ತಾನೇ ಶಾಕ್‌ಗೆ ಕೆಲಸ. ಇನ್ನು ಹೌಸಿಂಗಿನ ನಡುವಿನ ಉಬ್ಬು ಗುಂಡು ನೆಲದಿಂದ ಎಷ್ಟು ಎತ್ತರ ಎಂಬುದು ಟೈರಿನಿಂದ ನಿರ್ಧಾರವಾಗುತ್ತದೆಯೇ ಹೊರತು ಶಾಕಲ್‌ನಿಂದಲ್ಲ. ಈ ಕೊನೆಯ ಮಾತನ್ನು ಗಾಡಿಯ ಕೆಳಗೆ ಕೂತು ತೋರಿಸಿದಾಗ ಅವರು ಒಪ್ಪಿದರು.

ಕಾನೂನಿನ ಮಾತೂ ಇದೆ. ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಪ್ರಕಾರ ತಯಾರಕರ ಮೂಲ ವಿವರಕ್ಕೆ ವ್ಯತ್ಯಾಸವಾಗುವಂತೆ ಗಾಡಿ ಮಾರ್ಪಡಿಸುವಂತಿಲ್ಲ. ಸರಕು ಗಾಡಿ 8 ವರ್ಷ ದಾಟಿದ ಮೇಲೆ ಪ್ರತಿ ವರ್ಷ ಎಫ್‌ಸಿಗೆ (ಯೋಗ್ಯತಾ ಪ್ರಮಾಣಪತ್ರದ ತಪಾಸಣೆ) ಹೋಗಲೇಬೇಕು. ಉದ್ದನೆ ಶಾಕಲ್ ಕಣ್ಣಿಗೆ ಬೀಳದ ವಸ್ತುವೇನಲ್ಲ.

ಹಿಂಭಾಗದ ಕೆಲಸ

ಉದ್ದ ಶಾಕಲ್ ತೆಗೆದು ಕಂಪನಿ ಅಳತೆಯದು ಹಾಕಲಾಯಿತು. ಶಾಕಲ್ ಎಷ್ಟು ಉದ್ದವಾಗುತ್ತದೋ ಗಾಡಿ ಏಳುವುದು ಅದರ ಸುಮಾರು ಅರ್ಧ, ಏಕೆಂದರೆ ಕಮಾನಿನ ಇನ್ನೊಂದು ತುದಿ ಇದ್ದಲ್ಲೇ ಇರುತ್ತದೆ. 50 ಹೋದರೆ ಹೌಸಿಂಗಿನ ಬಳಿ ಇಳಿದಿದ್ದು 25. ಸೇರಿಸಿದ ಎರಡು ಪ್ಲೇಟಿನಲ್ಲಿ ದಪ್ಪನೆಯದನ್ನು ಎರಡೂ ಕಡೆ ತೆಗೆದಾಗ ಇನ್ನು 12. ಎರಡನೇ ಪ್ಲೇಟನ್ನೂ ತೆಗೆಯಬೇಕೇ ಎಂಬ ಚರ್ಚೆ ನಡೆಯಿತು. ಹಳೆ ಮುಖ್ಯ ಪ್ಲೇಟುಗಳು ಸ್ವಲ್ಪ ಸೋತು ಬಾಗು ಕಳೆದುಕೊಂಡಿದ್ದವು, ಈರುಳ್ಳಿ ಹೊರೆಯೂ ಇತ್ತು. ಒಂದನ್ನು ಉಳಿಸಿದ್ದು ಸರಿಯೆಂದೇ ನನ್ನ ಅಭಿಪ್ರಾಯ.

ಪ್ಲೇಟು ಕಡಿಮೆಯಾದಾಗ ಅವನ್ನು ಪೋಣಿಸುವ ಹಳೆ ಸೆಂಟರ್ ಬೋಲ್ಟ್, ಹೌಸಿಂಗಿಗೆ ಕಟ್ಟುವ ಯು-ಬೋಲ್ಟ್ ಬೇಕಾದ್ದಕ್ಕಿಂತ ಉದ್ದವಾಗುತ್ತವೆ. ಹಳೆ ಯು-ಬೋಲ್ಟಿನ ದಾರ ಒಮ್ಮೆ ಎಳೆದು ಹೋಗಿರುತ್ತದೆ, ಅದನ್ನು ಮತ್ತೆ ಬಿಗಿದರೆ ಹಿಡಿತ ನಂಬುವಂತಿಲ್ಲ. ನಾಲ್ಕೂ ಹೊಸದೇ ಹಾಕಬೇಕು, ಅಡ್ಡಡ್ಡ ಕ್ರಮದಲ್ಲಿ ಮ್ಯಾನ್ಯುಯಲ್ ಹೇಳಿದ ಟಾರ್ಕ್‌ಗೆ ಬಿಗಿಯಬೇಕು, ಕೆಲವು ನೂರು ಕಿ.ಮೀ. ಓಡಿದ ಮೇಲೆ ಮತ್ತೊಮ್ಮೆ ಬಿಗಿಯಬೇಕು. ಈ ಮರುಬಿಗಿತ ತಪ್ಪಿಸಿದರೆ ಪ್ಲೇಟುಗಳು ಸರಿದಾಡಿ ಸೆಂಟರ್ ಬೋಲ್ಟ್ ಕತ್ತರಿಸುತ್ತದೆ, ಹೌಸಿಂಗ್ ಸೊಟ್ಟಗಾಗುತ್ತದೆ.

ಎಡ ಬ್ರಾಕೆಟ್ ಕತ್ತರಿಸಿ ಬಲಗಡೆಯ ಅಳತೆಗೆ ಮತ್ತೆ ಬೆಸುಗೆ ಹಾಕಲಾಯಿತು. ಅದಕ್ಕೂ ಮುಂಚೆ ಬ್ಯಾಟರಿ ತಂತಿ ಬಿಚ್ಚಿ, ಹೌಸಿಂಗಿನ ಮೇಲಿನ ಬ್ರೇಕ್ ಪೈಪ್ ಸಡಿಲಿಸಿ ದೂರ ಸರಿಸಿದ್ದರು.

ಬ್ರೇಕಿನ ಇನ್ನೊಂದು ಅಂಗವನ್ನು ಈ ಕೆಲಸದಲ್ಲಿ ಬಹಳ ಜನ ಮರೆಯುತ್ತಾರೆ. ಹೌಸಿಂಗಿನಿಂದ ಚಾಸಿಗೆ ಒಂದು ಸಣ್ಣ ಕಡ್ಡಿ ಹೋಗಿ ಅಲ್ಲಿನ ವಾಲ್ವಿಗೆ ಸೇರುತ್ತದೆ. ಹೊರೆ ಬಿದ್ದು ಹಿಂಬದಿ ತಗ್ಗಿದಾಗ ಅದು ಹಿಂದಿನ ಬ್ರೇಕಿಗೆ ಹೆಚ್ಚು ಒತ್ತಡ ಬಿಡುತ್ತದೆ, ಖಾಲಿ ಇದ್ದಾಗ ಕಡಿಮೆ ಮಾಡುತ್ತದೆ. ಗಾಡಿಯನ್ನು ಎತ್ತರಿಸಿದರೆ ವಾಲ್ವಿಗೆ ತಿಳಿಯುವುದು ‘ಗಾಡಿ ಖಾಲಿ ಇದೆ’ ಎಂದು, ಮೇಲೆ ಟನ್ ಗಟ್ಟಲೆ ಈರುಳ್ಳಿ ಇದ್ದರೂ. ಆಗ ಬ್ರೇಕಿನ ಭಾರವೆಲ್ಲ ಮುಂದಿನ ಚಕ್ರಕ್ಕೆ. ಈ ಗಾಡಿಯಲ್ಲಿ ಮುಂದಿನ ಪ್ಯಾಡ್ ಬೇಗ ಸವೆಯುತ್ತಿದ್ದುದಕ್ಕೆ ಇದೂ ಕಾರಣ ಎಂದು ತೋರುತ್ತದೆ. ಎತ್ತರ ಇಳಿಸಿದ ನಂತರ ಕಡ್ಡಿಯ ಉದ್ದವನ್ನು ಮ್ಯಾನ್ಯುಯಲ್ ಪ್ರಕಾರ ಮತ್ತೆ ಹೊಂದಿಸಲಾಯಿತು.

ಮರು ಅಳತೆ: ಖಾಲಿ ನಿಂತಾಗ 475, ಪೂರ್ತಿ ಜೋತಾಗ 560. ರಬ್ಬರ್ ಅದುಮಿದಾಗಿನ 369 ಬದಲಾಗಲಿಲ್ಲ, ಬದಲಾಗಲೂ ಬಾರದು. ಅದು ಬ್ರಾಕೆಟ್ ಮತ್ತು ರಬ್ಬರ್ ಇರುವ ಜಾಗದಿಂದ ಬರುವ ಅಂಕಿ, ಕಮಾನಿನದಲ್ಲ. ಮರು ಅಳತೆಯಲ್ಲಿ ಅದು ಬೇರೆ ಬಂದರೆ ಟೇಪ್ ಹಿಡಿದಿದ್ದು ತಪ್ಪಿದೆ ಎಂದೇ ಅರ್ಥ.

ಮೂರು ಜೋಡಿ, ಒಂದು ಆಯ್ಕೆ

ಈಗ ಎಳೆದಾಗ ಕನಿಷ್ಠ 570, ಒತ್ತಿದಾಗ ಹೆಚ್ಚೆಂದರೆ 352. ಚಿತ್ರದುರ್ಗ, ದಾವಣಗೆರೆಯ ಬಿಡಿಭಾಗದ ಅಂಗಡಿಗಳಲ್ಲಿ ಡಬ್ಬಿಯ ಮೇಲೆ ಗಾಡಿಯ ಹೆಸರು ನೋಡುವುದನ್ನು ಬಿಟ್ಟು ಟೇಪ್ ಹಿಡಿದು ಹುಡುಕಿದಾಗ ಮೂರು ಜೋಡಿ ಹತ್ತಿರ ಬಂದವು.

ಮೊದಲನೆಯದು 560/345, ಅಂದರೆ ಎಳೆದಾಗ 560, ಒತ್ತಿದಾಗ 345. ಎಳೆದ ಉದ್ದ ಹೌಸಿಂಗ್ ಜೋಲುವಷ್ಟೇ ಇದೆ, ಬಿಡುವೇ ಇಲ್ಲ. ಬುಷ್ ಸವೆದು ಪ್ಲೇಟು ಸ್ವಲ್ಪ ಸೋತರೆ ಹಳೆ ಕಥೆ. ಎರಡನೆಯದು 580/372. ಅಂಗಡಿಯವರು “ಮೂರು ಮಿಲಿಮೀಟರ್ ಏನ್ ಮಹಾ” ಅಂದರು. ಆ ಮೂರು ಮಿಲಿಮೀಟರು ಶಾಕ್‌ನ ಒಳಗೆ ಕಬ್ಬಿಣಕ್ಕೆ ಕಬ್ಬಿಣ ಬಡಿಯುವ ಜಾಗ, ಅದರ ಮೇಲೆ ಬಿಡುವೂ ಬೇಕು. ಬಿಟ್ಟರು. ಮೂರನೆಯದು 572/350, ಸ್ಟ್ರೋಕ್ 222. ಅಳತೆ ಹೊಂದಿತು, ಆದರೆ ಕಣ್ಣಿನ ಬುಷಿನ ಒಳತೂತು 12 ಮಿ.ಮೀ., ಗಾಡಿಯ ಬೋಲ್ಟ್ 14.

ಇಲ್ಲಿ ಎರಡು ಸುಲಭದ ಉಪಾಯ ಎಲ್ಲರಿಗೂ ಹೊಳೆಯುತ್ತದೆ, ಎರಡೂ ಕೆಟ್ಟವು. ಬುಷಿನ ಒಳಗಿನ ಉಕ್ಕಿನ ಕೊಳವೆಯನ್ನು ಡ್ರಿಲ್ ಹಾಕಿ 14 ಮಾಡಿದರೆ ಗೋಡೆ ತೆಳುವಾಗಿ, ಬಿಗಿದಾಗ ಚಪ್ಪಟೆಯಾಗುತ್ತದೆ. 12ರ ಬೋಲ್ಟನ್ನೇ 14ರ ಬ್ರಾಕೆಟ್ಟಿಗೆ ಹಾಕಿದರೆ ತೂತಿನಲ್ಲಿ ಆಡಿ ಆಡಿ ಬ್ರಾಕೆಟ್ಟನ್ನೇ ಮೊಟ್ಟೆಯಾಕಾರ ಮಾಡುತ್ತದೆ. ಸರಿಯಾದ ದಾರಿ ಬುಷ್ ಬದಲಿಸುವುದು. ಕಣ್ಣಿನ ಒಳವ್ಯಾಸ, ಅಗಲ ಎರಡೂ ಕಂಪನಿ ಶಾಕ್‌ನದಕ್ಕೆ ಹೊಂದಿದ್ದರಿಂದ ಕಂಪನಿಯ ಹೊಸ ಬುಷ್ ತಂದು ಪ್ರೆಸ್‌ನಲ್ಲಿ ಒತ್ತಿ ಕೂರಿಸಿದರು.

ಗಟ್ಟಿತನದ ಪ್ರಶ್ನೆ ಬಾಕಿ ಇತ್ತು. ನಮ್ಮ ಕಡೆ ‘ಲೋಡ್ ಎತ್ತುವ ಶಾಕ್’ ಎಂದು ಕೇಳುವವರು ಬಹಳ. ಶಾಕ್ ಹೊರೆ ಹೊರುವುದಿಲ್ಲ, ಹೊರುವುದು ಕಮಾನು. ಕಮಾನು ಬಗ್ಗಿ ಎದ್ದು ಕುಣಿಯುವುದನ್ನು ನಿಲ್ಲಿಸುವುದಷ್ಟೇ ಶಾಕ್‌ನ ಕೆಲಸ. ಗ್ಯಾಸ್ ಶಾಕ್ ತನ್ನ ಒತ್ತಡದಿಂದ ಗಾಡಿಯನ್ನು ಒಂದಿಷ್ಟು ಎತ್ತಿದಂತೆ ಕಂಡರೂ ಹೊರೆಯ ಲೆಕ್ಕದಲ್ಲಿ ಅದು ಏನೂ ಅಲ್ಲ. ಕಮಾನಿನ ಬಿಗುವು ಹೆಚ್ಚಿದರೆ ಹಿಡಿತವೂ ಹೆಚ್ಚಬೇಕು ಎಂಬುದು ನಿಜ, ಆದರೆ ಅಷ್ಟೇ ಪ್ರಮಾಣದಲ್ಲಲ್ಲ, ಅದರ ವರ್ಗಮೂಲದಂತೆ. ಉಳಿದ ಒಂದು ಪ್ಲೇಟಿನಿಂದ ಬಿಗುವು ಶೇ. 20 ಹೆಚ್ಚಿದೆ ಎಂದುಕೊಂಡರೂ ಬೇಕಾದ ಹೆಚ್ಚುವರಿ ಹಿಡಿತ ಶೇ. 10ರೊಳಗೆ. ಅದಕ್ಕಾಗಿ ದುಬಾರಿ ಮೋನೋಟ್ಯೂಬ್ (ಒಂದೇ ಕೊಳವೆಯ ಶಾಕ್) ಬೇಕಿರಲಿಲ್ಲ. ಒಳ ಸಿಲಿಂಡರ್ 35 ಮಿ.ಮೀ. ಇರುವ ಸಾಧಾರಣ ಗ್ಯಾಸ್ ಟ್ವಿನ್ ಟ್ಯೂಬ್ ಸಾಕು. ಸಿಲಿಂಡರ್ ದೊಡ್ಡದಿದ್ದಷ್ಟೂ ಅದೇ ಹಿಡಿತ ಕಡಿಮೆ ಎಣ್ಣೆ ಒತ್ತಡದಲ್ಲಿ ಸಿಗುತ್ತದೆ, ಮಣ್ಣು ರಸ್ತೆಯಲ್ಲಿ ಬಿಸಿಯೂ ಕಡಿಮೆ. ಬಾಡಿ ದಪ್ಪವಾಗುವುದರಿಂದ ಬ್ರೇಕ್ ಪೈಪ್ ಮತ್ತು ಕಮಾನಿಗೆ ತಾಗದೆ ಬೆರಳು ತೂರುವಷ್ಟು ಜಾಗ ಉಳಿದಿದೆಯೇ ಎಂದು ನೋಡಿಕೊಳ್ಳಬೇಕು.

ಹಾಕುವ ಮುಂಚೆ ಹೊಸ ಶಾಕನ್ನು ಒಗ್ಗಿಸಬೇಕು. ಅಂಗಡಿಯಲ್ಲಿ ಮಲಗಿಸಿಟ್ಟ ಟ್ವಿನ್ ಟ್ಯೂಬ್‌ನಲ್ಲಿ ಗ್ಯಾಸ್ ಒಳ ಸಿಲಿಂಡರಿಗೆ ನುಗ್ಗಿರುತ್ತದೆ. ಗಾಡಿಯಲ್ಲಿ ನಿಲ್ಲುವ ರೀತಿಯಲ್ಲೇ ನೆಟ್ಟಗೆ ಹಿಡಿದು ಪೂರ್ತಿ ಎಳೆಯಿರಿ, ತಲೆಕೆಳಗು ಮಾಡಿ ಒತ್ತಿರಿ, ಮತ್ತೆ ನೆಟ್ಟಗೆ ಮಾಡಿ ಎಳೆಯಿರಿ. ಐದಾರು ಸಲ ಹೀಗೆ ಮಾಡಿದರೆ ನಡುವೆ ಸಡಿಲ ಬಿಟ್ಟಂತಾಗುವುದು ನಿಲ್ಲುತ್ತದೆ. ನಿಲ್ಲದಿದ್ದರೆ ಆ ಶಾಕ್ ವಾಪಸು ಕೊಡಿ. ಕಣ್ಣಿನ ಬೋಲ್ಟನ್ನು ಗಾಡಿ ಎತ್ತಿಟ್ಟಾಗ ಪೂರ್ತಿ ಬಿಗಿಯಬೇಡಿ. ಚಕ್ರ ನೆಲಕ್ಕಿಳಿದು ಗಾಡಿ ತನ್ನ ಎತ್ತರಕ್ಕೆ ಕೂತ ಮೇಲೆ ಬಿಗಿದರೆ ರಬ್ಬರ್ ತಿರುಚದೆ ನಿಲ್ಲುತ್ತದೆ.

ಮುಂಭಾಗದಲ್ಲಿ ತಪ್ಪಿದ ಖರ್ಚು

ಮುಂದಕ್ಕೂ ಉದ್ದನೆ ಶಾಕ್ ಹುಡುಕುವ ಮಾತು ಬಂದಿತ್ತು. ಅದು ಬೇಡವಾಯಿತು. ಹಿಂಭಾಗದಂತೆ ಮುಂದಿನ ಆರ್ಮ್ ಎಷ್ಟಾದರೂ ಜೋಲುವುದಿಲ್ಲ, ಮೇಲೆ ಕೆಳಗೆ ಎರಡೂ ಕಡೆ ಅದಕ್ಕೆ ಕಂಪನಿಯೇ ತಡೆ ರಬ್ಬರ್ ಕೊಟ್ಟಿರುತ್ತದೆ. ಟಾರ್ಶನ್ ಬಾರ್ ಬಿಗಿದಾಗ ಆ ಎರಡು ತಡೆಗಳ ನಡುವೆ ಆರ್ಮ್ ಕೂರುವ ಜಾಗ ಬದಲಾಗುತ್ತದೆ, ತಡೆಗಳು ಬದಲಾಗುವುದಿಲ್ಲ. ಆದ್ದರಿಂದ ತಡೆ ರಬ್ಬರ್ ಇರುವವರೆಗೂ ಕಂಪನಿ ಉದ್ದದ ಶಾಕೇ ಸರಿ. ಬಾರ್ ಬಿಗಿದರೆ ಗಟ್ಟಿಯಾಗುತ್ತದೆ ಎಂಬುದೂ ತಪ್ಪು ತಿಳಿವಳಿಕೆ. ಗಟ್ಟಿತನ ಬಾರಿನ ದಪ್ಪ, ಉದ್ದದಲ್ಲಿದೆ. ಗಡುಸಾಗಿ ಅನ್ನಿಸುವುದು ಆರ್ಮ್ ಕೆಳ ತಡೆಗೆ ಬೇಗ ಬಡಿಯುವುದರಿಂದ.

ಹಬ್ಬಿನ ನಡುವಿನಿಂದ ಮಡ್‌ಗಾರ್ಡಿನ ಅಂಚಿಗೆ 490 ಮಿ.ಮೀ. ಇತ್ತು, ಕಂಪನಿ ಎತ್ತರ 450. ನೆಲದಿಂದ ಅಳೆದರೆ ಟೈರಿನ ಗಾಳಿ ಲೆಕ್ಕ ಕೆಡಿಸುತ್ತದೆ, ಹಬ್ಬಿನಿಂದಲೇ ಅಳೆಯಬೇಕು. ಕಂಪನಿ ಎತ್ತರದಲ್ಲಿ ಕೆಳಕ್ಕೆ ಇದ್ದ 70 ಮಿ.ಮೀ. ಚಲನೆಯಲ್ಲಿ ಉಳಿದಿದ್ದು 30. ಮೇಲಿನ ಆರ್ಮ್ ತಡೆ ರಬ್ಬರ್ ಚಪ್ಪಟೆಯಾಗಿ, ನಡುವೆ ಕಬ್ಬಿಣ ಇಣುಕಿತ್ತು. ‘ಠಣ್’ ಸದ್ದಿನ ಮೂಲ ಅದು.

ಚಾಸಿಗೆ ಜಾಕ್ ಕೊಟ್ಟು ಮುಂದಿನ ಚಕ್ರ ಎರಡೂ ನೇತಾಡುವಂತೆ ಎತ್ತಿ, ಟಾರ್ಶನ್ ಬಾರ್ ಬೋಲ್ಟಿಗೆ ತುಕ್ಕುಬಿಡಿಸುವ ಎಣ್ಣೆ ಹಾಕಿ, ಪೇಂಟಿನಿಂದ ಗುರುತು ಮಾಡಿ ಸುತ್ತು ಎಣಿಸುತ್ತಾ ಸಡಿಲಿಸಲಾಯಿತು. ಬಾರಿನ ಮೇಲೆ ಗಾಡಿಯ ಭಾರ ಇರುವಾಗಲೇ ತಿರುಗಿಸಿದರೆ ದಾರ ಕಿತ್ತು ಬರುವ ಅಪಾಯವಿದೆ. ಈ ಗಾಡಿಯಲ್ಲಿ ಒಂದು ಸುತ್ತಿಗೆ ಸುಮಾರು 5 ಮಿ.ಮೀ. ಇಳಿಯಿತು. ಒಂದೆರಡು ಕಿ.ಮೀ. ಓಡಿಸಿ ಟೈರು ಕೂತ ಮೇಲೆ ಅಳೆದು, ಎರಡೂ ಕಡೆ 462ಕ್ಕೆ ತಂದರು. ತಡೆ ರಬ್ಬರ್ ಹೊಸದು, ಶಾಕ್ ಕಂಪನಿ ಅಳತೆಯದು. ಈ ಮುಂದಿನ ಶಾಕ್‌ನ ಮೇಲಿನ ಕಡ್ಡಿಯ ನಟ್ಟನ್ನು ರಬ್ಬರ್ ಉಬ್ಬಿ ವಾಷರಿನ ಅಂಚಿಗೆ ಬರುವಷ್ಟು ಮಾತ್ರ ಬಿಗಿಯಬೇಕು, ಇನ್ನೂ ಬಿಗಿದರೆ ರಬ್ಬರ್ ಸೀಳುತ್ತದೆ. ಎತ್ತರ ಬದಲಾದರೆ ಚಕ್ರದ ವಾಲು (ಕ್ಯಾಂಬರ್), ಮುಖ ತಿರುಗಿದ ದಿಕ್ಕು (ಟೋ) ಬದಲಾಗುವುದರಿಂದ ಅದೇ ದಿನ ಅಲೈನ್‌ಮೆಂಟ್ ಮಾಡಿಸಲಾಯಿತು.

ಪರೀಕ್ಷೆ ಮತ್ತು ನಂತರ

ಕಾರಿನಂತೆ ಮೂಲೆ ಒತ್ತಿ ಬಿಡುವ ಪರೀಕ್ಷೆ ಪಿಕಪ್‌ಗೆ ಪ್ರಯೋಜನವಿಲ್ಲ, ಕಮಾನು ಕೈಗೆ ಬಗ್ಗುವುದಿಲ್ಲ. ಬದಲಿಗೆ ಬಂಪ್ ರಬ್ಬರಿನ ತುದಿಗೆ ಲಿಂಬೆ ಗಾತ್ರದ ಜೇಡಿಮಣ್ಣಿನ ಉಂಡೆ ಮೆತ್ತಿ, ವೇ ಬ್ರಿಡ್ಜ್‌ನಲ್ಲಿ ತೂಗಿದ 1,200 ಕೆ.ಜಿ. ಹೊರೆಯೊಂದಿಗೆ ತೋಟದ ದಾರಿಯಲ್ಲಿ ಓಡಿಸಿದರು. ಹೊರೆ ಹಾಕಿದಾಗ ಹಿಂಬದಿ 55 ಮಿ.ಮೀ. ತಗ್ಗಿ, ರಬ್ಬರಿಗೆ 38 ಮಿ.ಮೀ. ಜಾಗ ಉಳಿದಿತ್ತು. ವಾಪಸು ಬಂದಾಗ ಉಂಡೆ ರೊಟ್ಟಿಯಾಗಿ ಅದುಮಿತ್ತು, ರಬ್ಬರಿನ ಮೇಲಿನ ಧೂಳೂ ಅಳಿಸಿತ್ತು. ಅಂದರೆ ಕೊನೆಯ ಪೆಟ್ಟನ್ನು ಈಗ ರಬ್ಬರ್ ತೆಗೆದುಕೊಳ್ಳುತ್ತಿದೆ, ಶಾಕ್ ಅಲ್ಲ.

ಎರಡನೇ ಪರೀಕ್ಷೆ ಕೈಯದು. ಹತ್ತಾರು ಕಿ.ಮೀ. ಕೆಟ್ಟ ರಸ್ತೆ ಓಡಿಸಿ ನಿಲ್ಲಿಸಿದ ಕೂಡಲೇ ನಾಲ್ಕೂ ಶಾಕ್‌ನ ಬಾಡಿಯನ್ನು ಹಿಂಗೈಯಿಂದ ಎಚ್ಚರವಾಗಿ ಮುಟ್ಟಿ ನೋಡುವುದು. ಕುಣಿತದ ಶಕ್ತಿಯನ್ನು ಶಾಕ್ ಬಿಸಿಯಾಗಿ ಬದಲಿಸುತ್ತದೆ. ಬೆಚ್ಚಗಿದ್ದರೆ ದುಡಿಯುತ್ತಿದೆ, ಜೊತೆಯದು ಬೆಚ್ಚಗಿದ್ದು ಒಂದು ತಣ್ಣಗಿದ್ದರೆ ಅದು ಸತ್ತಿದೆ. ಇಲ್ಲಿ ಎಡ ಬಲ ಒಂದೇ ಸಮ ಬೆಚ್ಚಗಿದ್ದವು.

ಒಂದು ದಾಳಿಂಬೆ ಹಂಗಾಮು ಕಳೆದ ಮೇಲೆ ಗಾಡಿ ಮತ್ತೆ ಬಂತು. ಹಿಂದಿನ ಶಾಕ್ ಒಣಗಿದ್ದವು, ಕಣ್ಣಿನ ಬೆಸುಗೆ ಗಟ್ಟಿ. ಹಿಂಬಾಗಿಲ ಕ್ರೇಟಿನ ಹಣ್ಣು ಉಜ್ಜುವುದು ಪೂರ್ತಿ ನಿಂತಿಲ್ಲ, ಬಹಳ ಕಡಿಮೆಯಾಗಿದೆ. ಖಾಲಿ ಓಡುವಾಗ ಹಿಂಬದಿ ಈಗಲೂ ಗಡುಸು. ಉಳಿಸಿಕೊಂಡ ಆ ಒಂದು ಪ್ಲೇಟಿನ ಬೆಲೆ ಅದು, ಯಾವ ಶಾಕ್ ಹಾಕಿದರೂ ಹೋಗದು.

ಈರುಳ್ಳಿ ದರ ಏರಿದ್ದ ಸಮಯ. ತೆಗೆದಿಟ್ಟ ಪ್ಲೇಟು ಮತ್ತೆ ಹಾಕಿ 1,500 ಕೆ.ಜಿ. ಹೊಡೆಯಬಹುದೇ ಎಂದು ಮಾಲೀಕರು ಕೇಳಿದರು. ಆರ್‌ಸಿ ತೂಕ ಮೀರುತ್ತದೆ ಎಂಬುದು ಮೊದಲ ಉತ್ತರ. ಈಗಿನ ಕಮಾನಿನಲ್ಲಿ ಅಷ್ಟು ಹಾಕಿದರೆ ರಬ್ಬರಿಗೆ ಉಳಿಯುವುದು ಸುಮಾರು 24 ಮಿ.ಮೀ., ಪ್ರತಿ ಗುಂಡಿಗೂ ಬಡಿಯುತ್ತದೆ. ಪ್ಲೇಟು ಹಾಕಿದರೆ ಗಾಡಿ ಏಳುತ್ತದೆ, ಕೆಳಮುಖದ ಬಿಡುವು ಮತ್ತೆ ಕುಗ್ಗುತ್ತದೆ, ಎಲ್ಲ ಅಳತೆಯನ್ನೂ ಮೊದಲಿನಿಂದ ತೆಗೆದು ಹೊಸ ಶಾಕ್ ಹುಡುಕಬೇಕು. ಅವರು ಪ್ಲೇಟನ್ನು ಗ್ಯಾರೇಜಿನಲ್ಲೇ ಬಿಟ್ಟು, 24 ಚೀಲಕ್ಕಿಂತ ಹೆಚ್ಚಿದ್ದ ದಿನ ಎರಡು ಟ್ರಿಪ್ ಹೊಡೆಯುವುದೆಂದು ನಿರ್ಧರಿಸಿದರು. ಹೊಸ ಯು-ಬೋಲ್ಟುಗಳನ್ನು ಅದೇ ದಿನ ಮತ್ತೊಮ್ಮೆ ಟಾರ್ಕ್ ನೋಡಿದಾಗ ಎಡಗಡೆಯ ಎರಡು ನಟ್ಟು ಕಾಲು ಸುತ್ತು ಹಿಡಿದವು.